ಗುಡುಗುವೀರನ ತೋಳು, ಅಮ್ಜದನ ಆಟೋ

ಸಿಂಧನೂರಿನ ಇತಿಹಾಸವನ್ನು ಮುಂದೆ ಯಾರಾದರೂ ಬರೆದರೆ ಅದರಲ್ಲಿ ನನ್ನ ಹೆಸರು ದಪ್ಪಕ್ಷರದಲ್ಲಿ ಬರಲೇಬೇಕೆಂದು ಹೋದ ತಿಂಗಳು ನಾನು ತೀರ್ಮಾನಿಸಿಬಿಟ್ಟೆ. ಅಂಥ ಘನಕಾರ್ಯ ಯಾವುದು ಅಂತೀರಾ? ಗುಡುಗುವೀರನ ತೋಳಿನ ಮಾನ ಕಾಪಾಡುವುದು! ಕಾಲುವೆ ಕಚೇರಿಯಲ್ಲಿ ಕಡತಕ್ಕೆ ದಾರ ಕಟ್ಟುವ ಶರಣಬಸವನಿಂದ ಇದೆಲ್ಲ ಆಗುತ್ತದೆಯೇ ಎಂದು ನಗಬೇಡಿ. ಆಗಲಿಲ್ಲ, ನಿಜ. ಆದರೆ ಏನೇನು ಆಯಿತು ಎಂಬುದನ್ನು ಕೇಳಿದ ಮೇಲೆ ನಗಿ.

ಗುಡುಗುವೀರ ಯಾರೆಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಮಕ್ಕಳ ಮಾಸಪತ್ರಿಕೆಯೊಂದರ ಕೊನೆಯ ನಾಲ್ಕು ಪುಟಗಳಲ್ಲಿ ಚಿತ್ರಕಥೆಯಾಗಿ ಬರುತ್ತಿದ್ದ ಮಹಾಪರಾಕ್ರಮಿ. ಹಳಿ ತಪ್ಪಿದ ರೈಲನ್ನು ಎಡಗೈಯಲ್ಲಿ ಎತ್ತಿ, ಬಲಗೈಯಲ್ಲಿ ಮೀಸೆ ತಿರುವುತ್ತಿದ್ದ! ಅವನ ತೋಳಿನ ಮೇಲೆ ಒಂದು ಕುಟುಂಬ ಹಾಸಿಗೆ ಹಾಸಿ ಮಲಗಬಹುದಿತ್ತು. ಆ ಪತ್ರಿಕೆ ನಮ್ಮೂರಿಗೆ ಬರುವ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಕಾಯುತ್ತಿದ್ದೆ. ಬಸ್ಸು ತಡವಾದರೆ ಡ್ರೈವರನನ್ನು ಬಯ್ಯುತ್ತಿದ್ದೆ. ಈಗ ನನಗೆ ನಲವತ್ತೊಂಬತ್ತು. ತಲೆಕೂದಲು ಹೋಯಿತು, ಗುಡುಗುವೀರ ಹೋಗಲಿಲ್ಲ.

ಇಂಥವನ ಕಥೆ ಸಿನಿಮಾ ಆಗುತ್ತದೆ ಎಂಬ ಸುದ್ದಿ ಬಂದ ದಿನ ನಮ್ಮ ‘ಗುಡುಗುವೀರ ಅಭಿಮಾನಿ ಬಳಗ’ದ ವಾಟ್ಸ್ಯಾಪ್ ಗುಂಪಿನಲ್ಲಿ ದೀಪಾವಳಿಯೇ ದೀಪಾವಳಿ. ಬಳಗವೆಂದರೆ ಸಣ್ಣದೇನಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರು ತಾಲೂಕು ಸೇರಿ ಹದಿಮೂರು ಮಂದಿ! ಅದರಲ್ಲಿ ಇಬ್ಬರು ಯಾರೆಂದು ನಮಗೇ ಗೊತ್ತಿಲ್ಲ. ನಾನು ಅಧ್ಯಕ್ಷ. ಚುನಾವಣೆ ಆಗಿರಲಿಲ್ಲ, ಗುಂಪು ಮಾಡಿದವನೇ ನಾನು.

ನಾಲ್ಕನೇ ದಿನ ನಾಯಕನ ಪಾತ್ರಕ್ಕೆ ಆಯ್ಕೆಯಾದ ಹುಡುಗನ ಫೋಟೋ ಬಂತು. ಯಾರೋ ಹೊಸ ಹುಡುಗ. ಮೀಸೆ ಇಲ್ಲ. ಸಹಿಸಿದೆ, ಅಂಟಿಸಬಹುದು. ಹಳದಿ ಶಾಲಿನ ಬದಲು ನೀಲಿ ಶಾಲು. ಅದನ್ನೂ ಸಹಿಸಿದೆ. ಆದರೆ ತೋಳು! ಎರಡೂ ತೋಳು ಸೇರಿಸಿದರೂ ಗುಡುಗುವೀರನ ಹೆಬ್ಬೆರಳಾಗುತ್ತಿರಲಿಲ್ಲ. ಗುಂಪಿನಲ್ಲಿ ಹಾಹಾಕಾರ ಎದ್ದಿತು.

ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮಲ್ಲೇಶ ಬರೆದ: "ಅಧ್ಯಕ್ಷರೇ, ಇವು ತೋಳಲ್ರೀ, ಊದಿನಕಡ್ಡಿ! ಹಚ್ಚಿದ್ರ ವಾಸನಿ ಬರತೈತಿ."

ಲಿಂಗಸುಗೂರಿನ ಸುನೀಲ ಮಾಸ್ತರು ಧ್ವನಿ ಸಂದೇಶ ಕಳಿಸಿದರು. ನಲವತ್ತು ಸೆಕೆಂಡಿನಲ್ಲಿ ಮೂವತ್ತೈದು ಸೆಕೆಂಡು ಬರೀ ಉಸಿರು. ಕೊನೆಗೆ, "ನಂಗ ಮಾತ ಬರವಲ್ದ್ರೀ..."

ಗುರುತಿಲ್ಲದ ಇಬ್ಬರಲ್ಲಿ ಒಬ್ಬ, "ಏನರೆ ಮಾಡ್ರಿ ಅಧ್ಯಕ್ಷರೇ" ಎಂದು ಬರೆದ. ಗುರುತಿಲ್ಲದವನೂ ನನ್ನನ್ನು ನಂಬಿದ್ದಾನೆ! ಆ ಕ್ಷಣ ನನ್ನ ರಕ್ತ ಕುದಿಯಿತು.

ಫೋನು ಹಿಡಿದು ಅಡುಗೆಮನೆಗೆ ನುಗ್ಗಿದೆ. ನನ್ನ ಹೆಂಡತಿ ಅಮರೇಶ್ವರಿ ರೊಟ್ಟಿ ಬಡಿಯುತ್ತಿದ್ದಳು.

"ನೋಡು ಇದನ್ನ! ಇಂವ ಗುಡುಗುವೀರನಂತ!"

ಅವಳು ಹಿಟ್ಟಿನ ಕೈಯನ್ನು ದೂರ ಹಿಡಿದು ಬಗ್ಗಿ ನೋಡಿದಳು. "ಹುಡುಗ ಬೇಸದಾನಲ್ರೀ. ಕಣ್ಣಾಗ ಕಳೆ ಐತಿ."

"ಕಣ್ಣಲೇ ರೈಲು ಎತ್ತತಾನೇನು?"

"ಅವನ್ನೇನು ರೈಲು ಎತ್ತಾಕ ಕರಸ್ಯಾರೇನು? ಪಿಕ್ಚರ್ ಮಾಡಾಕ ಕರಸ್ಯಾರ."

"ತೋಳು ನೋಡು, ತೋಳು!"

ಅವಳು ಫೋಟೋದ ತೋಳನ್ನು ನೋಡಲಿಲ್ಲ. ನನ್ನ ತೋಳನ್ನು ಒಮ್ಮೆ ನೋಡಿದಳು. ಮತ್ತೆ ರೊಟ್ಟಿಗೆ ಕೂತಳು. ಇವಳಿಗೆ ಕಲೆಯ ಗಂಧವಿಲ್ಲ ಎಂದುಕೊಂಡು ನಾನು ಹೊರಬಂದೆ.

ಆ ದಿನಗಳಲ್ಲಿ ಅವಳ ತಲೆಯಲ್ಲಿ ಇದ್ದದ್ದು ಒಂದೇ. ಖಡಕ್ ರೊಟ್ಟಿ ಕೇಂದ್ರ! ಕುಷ್ಟಗಿ ರಸ್ತೆಯಲ್ಲಿ ಒಂದು ಸಣ್ಣ ಮಳಿಗೆ ಹಿಡಿದಿದ್ದಳು. ಹೊಲದ ಕೂಲಿಗೆ ಹೋಗುತ್ತಿದ್ದ ನಮ್ಮ ಓಣಿಯ ಪಕೀರಮ್ಮನನ್ನು ಜೊತೆಗೆ ಸೇರಿಸಿಕೊಂಡಿದ್ದಳು. ಪಕೀರಮ್ಮ ರೊಟ್ಟಿ ಬಡಿದರೆ ಅದು ಹುಣ್ಣಿಮೆಯ ಚಂದ್ರನಷ್ಟು ದುಂಡು. ಇಬ್ಬರೂ ಹದಿನೈದು ದಿನ ಬಡಿದೂ ಬಡಿದೂ, ಒಣಗಿಸಿ, ನಮ್ಮ ಹಿಂದಿನ ಕೋಣೆಯಲ್ಲಿ ಬಿಳಿಬಟ್ಟೆ ಮುಚ್ಚಿ ಗೋಪುರ ಕಟ್ಟಿದ್ದರು. ನಾನು ಮೊಣಕೈ ತಾಗಿಸಿದರೆ ಸಾಕು, "ಅಲ್ಲಿಂದ ಏಳ್ರಿ!" ಎಂದು ಇಬ್ಬರೂ ಒಂದೇ ದನಿಯಲ್ಲಿ ಕೂಗುತ್ತಿದ್ದರು.

ಅಂಗಡಿ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಅಮರೇಶ್ವರಿ ಒಂದು ಚೀಟಿ ತಂದು ನನ್ನ ಕೈಗಿಟ್ಟಳು.

"ರೀ, ನಾಳಿ ಪ್ರಚಾರಕ್ಕ ಅಮ್ಜದನ ಆಟೋ ಹೇಳೀನಿ. ನಿಮ್ಮ ದನಿ ಗಟ್ಟಿ ಐತಿ. ಈ ಐದು ಸಾಲು ಓದಿ, ರೆಕಾರ್ಡ್ ಮಾಡಿ ಅವಗ ಕಳಸ್ರಿ."

ನನ್ನ ಎದೆ ಎರಡಿಂಚು ಉಬ್ಬಿತು. ಊರಿನ ಅರ್ಧ ಕಾರ್ಯಕ್ರಮಗಳ ನಿರೂಪಣೆ ನನ್ನದೇ ತಾನೆ! ಉಳಿದರ್ಧಕ್ಕೆ ನನ್ನನ್ನು ಕರೆದಿಲ್ಲ.

"ಮತ್ತ ನೋಡ್ರಿ," ಅವಳು ಬೆರಳೆತ್ತಿದಳು. "ಇದರಾಗ ನಿಮ್ಮ ಗುಡುಗುವೀರ ಬರಬಾರದು."

"ಛೇ! ನಾನೇನು ಸಣ್ಣ ಹುಡುಗನೇನು?"

"ಸಣ್ಣ ಹುಡುಗ್ರಿಗಾಗಿದ್ರ ಹೇಳೋದ ಬೇಕಾಗಿದ್ದಿಲ್ಲ."

ಆಣೆ ಮಾಡಿದೆ. ಮಾಡಿ ಕೋಣೆಗೆ ಹೋದೆ. ಹೋಗುವಷ್ಟರಲ್ಲಿ ಆಣೆ ಸಡಿಲಾಯಿತು. ಯೋಚಿಸಿ ನೋಡಿ, ನಾಲ್ಕು ಕೊಂಬಿನ ಮೈಕು ಕಟ್ಟಿದ ಆಟೋ, ಇಡೀ ಊರು ಸುತ್ತುವ ಆಟೋ! ಐದು ಸಾಲು ರೊಟ್ಟಿಗೆ, ಮೂವತ್ತು ಸೆಕೆಂಡು ಗುಡುಗುವೀರನಿಗೆ. ರೊಟ್ಟಿಯೂ ಖಡಕ್, ಮಾತೂ ಖಡಕ್. ಇಂಥ ಅವಕಾಶ ಬಿಟ್ಟವನು ಅಧ್ಯಕ್ಷನೇ ಅಲ್ಲ.

ರೆಕಾರ್ಡಿಂಗ್ ವಿಷಯದಲ್ಲಿ ನನಗೊಂದು ಪದ್ಧತಿ ಇದೆ. ಸ್ಟುಡಿಯೋಗಳಲ್ಲಿ ದನಿ ಗುಂಯ್‌ಗುಡಬಾರದೆಂದು ಗೋಡೆಗೆ ಮೆತ್ತೆ ಹೊಡೆದಿರುತ್ತಾರೆ. ನಮ್ಮಲ್ಲಿ ಅಮರೇಶ್ವರಿಯ ಅವ್ವ ಹೊಲಿದ ಕೌದಿ ಇದೆ. ಹಿಂದಿನ ಕೋಣೆಯಲ್ಲಿ, ರೊಟ್ಟಿ ಗೋಪುರದ ಪಕ್ಕ ಕೂತು, ಫೋನನ್ನು ಮುಂದಿಟ್ಟುಕೊಂಡು, ಎರಡು ಪದರದ ಕೌದಿ ತಲೆ ಮೇಲೆ ಹೊದ್ದುಕೊಂಡೆ. ಹೊರಗೆ ಸಿಂಧನೂರಿನ ಏಪ್ರಿಲ್ ಬಿಸಿಲು. ಒಳಗೆ ನಾನು ಇಡ್ಲಿ.

ಕೆಂಪು ಗುಂಡಿ ಒತ್ತಿ ಶುರು ಮಾಡಿದೆ. "ಸಿಂಧನೂರಿನ ಆತ್ಮೀಯ ಬಂಧುಗಳೇ! ಇಂದು ಬೆಳಿಗ್ಗೆ ಹತ್ತು ಗಂಟೆಗೆ ಕುಷ್ಟಗಿ ರಸ್ತೆಯಲ್ಲಿ ಅಮರೇಶ್ವರಿ ಖಡಕ್ ರೊಟ್ಟಿ ಕೇಂದ್ರದ ಶುಭಾರಂಭ! ಬಿಳಿಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ! ಮನೆಯ ರುಚಿ, ಮನೆಯ ಹೆಣ್ಣುಮಕ್ಕಳ ಕೈ! ತಪ್ಪದೇ ಬನ್ನಿ!" ಆಮೇಲೆ ಗಂಟಲು ಸರಿಮಾಡಿಕೊಂಡು ಗುಡುಗಿದೆ. "ಬಂಧುಗಳೇ! ಇದೇ ಸಂದರ್ಭದಲ್ಲಿ ಒಂದು ಘೋರ ಅನ್ಯಾಯ! ನಮ್ಮ ಗುಡುಗುವೀರನ ಪಾತ್ರಕ್ಕೆ ಕಡ್ಡಿ ತೋಳಿನ ಹುಡುಗನೊಬ್ಬನನ್ನು ಆರಿಸಿದ್ದಾರೆ! ತೋಳಿಲ್ಲದವನು ವೀರನೇ? ಕಡ್ಡಿ ತೋಳಿನವರಿಗೆ ಧಿಕ್ಕಾರ! ಧಿಕ್ಕಾರ! ಧಿಕ್ಕಾರ!"

ಮೂರನೇ ಧಿಕ್ಕಾರಕ್ಕೆ ಕಣ್ಣಿಗೆ ಕತ್ತಲೆ ಬಂತು. ಕೌದಿ ಕಿತ್ತೆಸೆದು ಅಂಗಳಕ್ಕೆ ಓಡಿ ತಲೆ ಮೇಲೆ ನೀರು ಸುರಿದುಕೊಂಡೆ. ಅಲ್ಲೇ ಗೋಡೆಯ ಮೇಲೆ ಕನ್ನಡಿ ಇತ್ತು. ಸುಮ್ಮನೆ ಮುಷ್ಟಿ ಎತ್ತಿ, ಗುಡುಗುವೀರನ ಭಂಗಿಯಲ್ಲಿ ನಿಂತು ನೋಡಿದೆ. ಬಲದಿಂದ ನೋಡಿದೆ, ಎಡದಿಂದ ನೋಡಿದೆ. ಮೀಸೆಯನ್ನು ಒಂಚೂರು ಕತ್ತರಿಸಿದೆ. ತಿರುಗಿ ಬಂದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಕೌದಿಯ ಕೆಳಗೆ ಫೋನಿನ ಕೆಂಪು ಚುಕ್ಕಿ ಇನ್ನೂ ಮಿಣುಕುತ್ತಿತ್ತು. ಅರೆ, ನಿಲ್ಲಿಸುವುದನ್ನೇ ಮರೆತಿದ್ದೆ! ಇರಲಿ, ಖಾಲಿ ಕೋಣೆಯ ಮೌನ ಒಂದೆರಡು ನಿಮಿಷ ಬಂದಿರಬಹುದು, ಅದರಿಂದ ಯಾರಿಗೇನು ನಷ್ಟ ಎಂದುಕೊಂಡೆ. ನಿಲ್ಲಿಸಿ, ಹಾಗೇ ಅಮ್ಜದನಿಗೆ ಕಳಿಸಿಬಿಟ್ಟೆ. ಒಮ್ಮೆ ಕೇಳಿ ನೋಡುವುದೆಲ್ಲ ತಮ್ಮ ದನಿಯ ಮೇಲೆ ಅನುಮಾನ ಇದ್ದವರ ಕೆಲಸ!

ಅಮ್ಜದ್ ಫೋನು ಮಾಡಿದ. "ಸಾಬ್, ಹನ್ನೊಂದು ಮಿನಿಟ್ ಐತ್ರಿ. ಇಷ್ಟುದ್ದ ಯಾರೂ ಕೊಡಂಗಿಲ್ಲ."

"ದೊಡ್ಡವರ ಮಾತು ಉದ್ದ ಇರ್ತಾವ ಅಮ್ಜದ್. ನೀ ಹಚ್ಚು."

"ಬರೋಬರ್ ಸಾಬ್. ಒಂದರ ಹಿಂದೊಂದು ತಿರಗಾಕ ಬಿಟ್ಟುಬಿಡ್ತೀನಿ. ಫಿಕರ್ ಮಾಡಬ್ಯಾಡ್ರಿ."

ಮರುದಿನ ಹತ್ತಕ್ಕೆ ಅಂಗಡಿಯ ಪೂಜೆ ಆಯಿತು. ಕಾಯಿ ಒಡೆಯಿತು. ಹತ್ತೂಕಾಲಾಯಿತು. ಯಾರೂ ಬರಲಿಲ್ಲ. ಹತ್ತೂವರೆಯಾಯಿತು. ಒಂದು ಆಕಳು ಬಂದು ಇಣುಕಿ ಹೋಯಿತು. ಅಮರೇಶ್ವರಿ ರೊಟ್ಟಿಯ ಸಾಲನ್ನು ಎಡಕ್ಕೆ ಸರಿಸಿದಳು, ಮತ್ತೆ ಬಲಕ್ಕೆ ಸರಿಸಿದಳು. ಹೊಸ ಸೀರೆ ಉಟ್ಟ ಪಕೀರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ರಸ್ತೆ ನೋಡುತ್ತ ಕೂತಿದ್ದಳು.

"ತಡಿ, ಆಟೋ ಈ ಕಡೆ ಬರಲಿ," ಎಂದೆ ನಾನು. "ನನ್ನ ದನಿ ಕಿವಿಗೆ ಬಿತ್ತಂದ್ರ ಮಂದಿ ಸಾಲು ಹಚ್ಚಿ ನಿಂದರತಾರ!"

ಆಗಲೇ ದೂರದಲ್ಲಿ ನನ್ನ ದನಿ ಕೇಳಿತು. ಆತ್ಮೀಯ ಬಂಧುಗಳೇ! ಐದು ಸಾಲು ಕೇಳಿ ಅಮರೇಶ್ವರಿಯ ಮುಖ ಅರಳಿತು. ಆಮೇಲೆ ‘ಘೋರ ಅನ್ಯಾಯ’ ಬಂತು. ಅವಳು ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ಆಣಿ ಮಾಡಿದ್ರಿ."

"ಅದು... ಮೂವತ್ತ ಸೆಕೆಂಡ್..."

ಮೂರು ಧಿಕ್ಕಾರ ಮುಗಿದವು. ಆಟೋ ಅಂಗಡಿಯ ಮುಂದೆಯೇ ಬಂತು. ಇನ್ನು ಮೌನ ಎಂದುಕೊಂಡೆ. ಇಲ್ಲ! ನಾಲ್ಕೂ ಕೊಂಬುಗಳಿಂದ ಕದ ಕಿರ್ ಎಂದ ಸದ್ದು. ಬಳೆಗಳ ಸದ್ದು. ಆಮೇಲೆ, ಕುಷ್ಟಗಿ ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ, ಪಕೀರಮ್ಮನ ದನಿ.

"ಅಕ್ಕಾರ, ನಾಳಿ ಮಂದಿ ಬರತಾರಂತೀರೇನು?"

ನಂತರ ನನ್ನ ಹೆಂಡತಿಯ ದನಿ. "ಗೊತ್ತಿಲ್ಲ ಪಕೀರಮ್ಮ. ನಂಗರೆ ಕೈಕಾಲು ನಡಗಾಕತ್ತಾವ. ನನ್ನ ನಂಬಿ ಕೂಲಿ ಬಿಟ್ಟು ಬಂದೀ ನೀ. ಯಾರೂ ಬರಲಿಲ್ಲಂದ್ರ ನಿನ್ನ ಮಾರಿ ಹ್ಯಾಂಗ ನೋಡ್ಲಿ?"

ಆಟೋ ಮುಂದೆ ಹೋಯಿತು. ನಾನು ಕನ್ನಡಿಯ ಮುಂದೆ ಮೀಸೆ ಕತ್ತರಿಸುತ್ತಿದ್ದಾಗ ಇವರಿಬ್ಬರೂ ಕೋಣೆಗೆ ಹೋಗಿ ರೊಟ್ಟಿ ಜೋಡಿಸುತ್ತ ಮಾತಾಡಿದ್ದರು. ಕೌದಿಯ ಕೆಳಗಿನ ಫೋನು ಎಲ್ಲವನ್ನೂ ಹಿಡಿದಿಟ್ಟಿತ್ತು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ನನಗೂ ಹೇಳದ ಅಂಜಿಕೆಯನ್ನು ನಾನೇ ಮೈಕು ಕಟ್ಟಿ ಊರಿಗೆ ಸಾರಿಸಿದ್ದೆ! ಅಮರೇಶ್ವರಿಯ ಕಣ್ಣಲ್ಲಿ ನೀರು ತುಂಬಿತ್ತು. ಪಕೀರಮ್ಮ ತಲೆ ತಗ್ಗಿಸಿದಳು. ನಾನು ಜೀವನದಲ್ಲಿ ಅಷ್ಟು ನಾಚಿಕೆಪಟ್ಟದ್ದಿಲ್ಲ.

"ಅದು ಎಲ್ಲೆಲ್ಲಿ ತಿರಗತೈತ್ರಿ?" ಎಂದು ಅಮರೇಶ್ವರಿ ಕೇಳಿದಳು.

"ಗಾಂಧಿ ಸರ್ಕಲ್... ಬಸ್‌ಸ್ಟ್ಯಾಂಡ್... ಆಮ್ಯಾಲ ಜವಳಗೇರಾ..."

"ಹೋಗ್ರಿ. ಮುಂದಿಂದು ಯಾರೂ ಕೇಳಬಾರದು. ಜಲ್ದಿ ಹೋಗಿ ಬಂದ್ ಮಾಡ್ರಿ."

ಮುಂದಿನದು ಏನಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸ್ಕೂಟರು ಹತ್ತಿದೆ.

ಗಾಂಧಿ ಸರ್ಕಲ್ಲಿನಲ್ಲಿ ಭತ್ತದ ಚೀಲದ ಲಾರಿ ಅಡ್ಡ ನಿಂತಿತ್ತು. ಲಾರಿಯ ಆಚೆ ಅಮ್ಜದನ ಆಟೋ, ಈಚೆ ನಾನು. "ಅಮ್ಜದ್! ಏ ಅಮ್ಜದ್!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನು ತಿರುಗಿಯೂ ನೋಡಲಿಲ್ಲ. ಪಕ್ಕದ ಹಣ್ಣಿನ ಬಂಡಿಯವನು ಹೇಳಿದ, "ಅಂವಗ ಕೇಳಂಗಿಲ್ರೀ. ಮೈಕಿನ ಕಾಟಕ್ಕ ಎರಡೂ ಕಿವಿಗೆ ಹತ್ತಿ ತುರಕ್ಯಾನ." ಇಡೀ ಊರಿಗೆ ಸುದ್ದಿ ಹೇಳುವವನಿಗೆ ಒಂದು ಸುದ್ದಿಯೂ ಕೇಳುವುದಿಲ್ಲ!

ಲಾರಿಯ ಮೇಲಿಂದ ಹೆಂಡತಿಯ ದನಿ ಹಾದು ಬಂತು.

"ಇವರಿಗೆ ಹೇಳೋಣಂದ್ರ ಇವರಿಗೆ ಗುಡುಗುವೀರಂದ ಚಿಂತಿ. ಆ ಹುಡುಗನ ತೋಳು ಸಣ್ಣ ಅದಾವಂತ ಮೂರು ದಿನ ಆತು ಬರೋಬರಿ ಉಂಡಿಲ್ಲ. ಇವರ ಫೋಟೋ ನಮ್ಮನಿಗೆ ಬಂದಾಗ ನಮ್ಮ ದೊಡ್ಡಪ್ಪ ಏನಂದಿದ್ದ ಗೊತ್ತೇನು? ‘ಹುಡುಗ ಬೇಸದಾನ, ಆದ್ರ ಗಾಳಿ ಬಿಟ್ಟ ದಿನ ಹೊರಗ ಬಿಡಬ್ಯಾಡ್ರಿ’ ಅಂದಿದ್ದ!"

ಪಕೀರಮ್ಮ ನಾಲ್ಕೂ ಕೊಂಬುಗಳಲ್ಲಿ ಖೊಳ್ಳನೆ ನಕ್ಕಳು. ಸರ್ಕಲ್ಲೂ ನಕ್ಕಿತು. ಲಾರಿಯ ಡ್ರೈವರ್ ನಕ್ಕ. ಹಣ್ಣಿನ ಬಂಡಿಯವನು ನಗುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್, ನಿಮ್ಮಷ್ಟ ಇದ್ದಿರಬೇಕ್ರಿ ಅಂವ" ಎಂದ. ನಾನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ.

"ಎಲ್ಲಾರೂ ಬ್ಯಾಡಂದ್ರು ಪಕೀರಮ್ಮ. ಸೆಲೆಕ್ಷನ್ ಸರಿ ಇಲ್ಲ ಅಂದ್ರು. ನಾ ಒಬ್ಬಾಕಿ..."

ಲಾರಿ ಹೊರಳಿತು. ಆಟೋ ಸಂದಿಯಲ್ಲಿ ತೂರಿ ಮಾಯವಾಯಿತು. ನಾ ಒಬ್ಬಾಕಿ ಏನು? ಏನಂದಿ ನೀ? ಈಗ ನಾನು ಆಟೋ ನಿಲ್ಲಿಸಲು ಓಡುತ್ತಿದ್ದೆನೋ, ಮುಂದಿನ ಮಾತು ಕೇಳಲು ಓಡುತ್ತಿದ್ದೆನೋ, ನನಗೇ ತಿಳಿಯದಾಯಿತು.

ಜವಳಗೇರಾದ ದಾರಿಯಲ್ಲಿ ಸ್ಕೂಟರು ಕೆಮ್ಮಿ ನಿಂತಿತು. ಪೆಟ್ರೋಲು ಖಾಲಿ! ಬೆಳಿಗ್ಗೆ ಅಮರೇಶ್ವರಿ ಎರಡು ಸಲ ಹೇಳಿದ್ದಳು. ಬಿಸಿಲಲ್ಲಿ ಸ್ಕೂಟರು ನೂಕುತ್ತಿದ್ದವನ ಪಕ್ಕ ಭತ್ತ ತುಂಬಿದ ಟ್ರ್ಯಾಕ್ಟರೊಂದು ನಿಂತಿತು. ಓಡಿಸುತ್ತಿದ್ದವನು ಹನುಮಂತು ಎಂಬ ಪುಣ್ಯಾತ್ಮ. "ಹತ್ರಿ ಸರ್, ಯಾಕ ಒಣಗಾಕತ್ತೀರಿ," ಎಂದ. ಸ್ಕೂಟರನ್ನು ಮರದ ಕೆಳಗೆ ಬಿಟ್ಟು ಭತ್ತದ ಚೀಲದ ಮೇಲೆ ಕೂತೆ. ಕುಡಿಯಲು ನೀರು ಕೊಟ್ಟ. ಹೆಸರು ಕುಲ ಒಂದೂ ಕೇಳಲಿಲ್ಲ. ಅವನನ್ನು ಈಗ ನೆನೆದರೂ ಕೈ ಮುಗಿಯಬೇಕೆನಿಸುತ್ತದೆ.

ಜವಳಗೇರಾದಲ್ಲಿ ಚಹಾದಂಗಡಿಯ ಬೇವಿನ ಮರದ ಕೆಳಗೆ ಆಟೋ ನಿಂತಿತ್ತು. ಕೊಂಬುಗಳು ಮಾತಾಡು‌ತ್ತಲೇ ಇದ್ದವು. ಅಮ್ಜದ್ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಶಾಂತವಾಗಿ ಚಹಾ ಕುಡಿಯುತ್ತಿದ್ದ. ಕಟ್ಟೆಯ ಮೇಲೆ ಏಳೆಂಟು ಮಂದಿ ಲೋಟ ಹಿಡಿದು, ಕುಡಿಯುವುದನ್ನು ಮರೆತು ಕೂತಿದ್ದರು. ನಾನು ಟ್ರ್ಯಾಕ್ಟರಿನಿಂದ ಹಾರಿ, ಆಟೋದ ಹತ್ತಿರ ಓಡಿ, ಸ್ವಿಚ್ಚಿನ ಮೇಲೆ ಬೆರಳಿಟ್ಟೆ.

"...ನಾ ಒಬ್ಬಾಕಿ ಹೂಂ ಅಂದೆ. ಖರೇ ಹೇಳ್ಲೇನು ಪಕೀರಮ್ಮ?" ಎಂದಳು ಅಮರೇಶ್ವರಿ, ನನ್ನ ಕಿವಿಯ ಪಕ್ಕದಲ್ಲೇ. "ನಮ್ಮವ್ವಗ ಲಕ್ವಾ ಹೊಡದು ಎರಡು ವರ್ಷ ಹಾಸಿಗಿ ಹಿಡದಿದ್ಲಲ್ಲ. ನನ್ನ ಅಣ್ಣಗೋಳು ಇಬ್ರು, ತೋಳಂದ್ರ ಏನ್ ತೋಳವ್ವ! ಹಬ್ಬಕ್ಕೊಮ್ಮೆ ಬಂದು ಬಾಗಲಾಗ ನಿಂತು ‘ಹ್ಯಾಂಗದೀ ಯವ್ವಾ’ ಅಂದು ಹೋಗತಿದ್ರು. ಇವರು ದಿನಾ ಮುಂಜಾನಿ ಆಫೀಸಿಗೆ ಹೋಗೂ ಮೊದ್ಲು ಅವ್ವನ್ನ ಎತ್ತಿ ಬಚ್ಚಲಕ್ಕ ಒಯ್ಯೋರು. ಸಂಜಿಗೆ ಎತ್ತಿ ಅಂಗಳದಾಗ ಕುಂದ್ರಸೋರು. ಈ ಕಡ್ಡಿ ತೋಳಲೇ! ಎತ್ತುವಾಗ ‘ಬಂದ ನೋಡತ್ತಿ ಗುಡುಗುವೀರ!’ ಅಂತ ಒದರೋರು. ಮಾತು ನಿಂತಿದ್ದ ನಮ್ಮವ್ವ ಅದೊಂದಕ್ಕ ನಗತಿದ್ಲು. ಸಾಯೂ ಮುಂದ ಎರಡು ವರ್ಷ ದಿನಾ ಎರಡು ಸಲ ನಕ್ಕು ಹೋದ್ಲು ನನ್ನ ತಾಯಿ."

ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು. ಒತ್ತಲಾಗಲಿಲ್ಲ.

"ಗುಡುಗುವೀರ ಹೆಂಗಿದ್ದನೋ ನಾ ಕಂಡಿಲ್ಲ ಪಕೀರಮ್ಮ. ನಂಗ ಗೊತ್ತಿರೋ ಗುಡುಗುವೀರ ಇವರ. ಆ ಪಿಕ್ಚರಿನ ಹುಡುಗಂದೂ ಹಂಗ. ಎತ್ತೂ ಹೊತ್ತು ಬಂದಾಗ ಎತ್ತತಾನ ಬಿಡು."

"ಇದನ್ನ ಸಾಹೇಬ್ರಿಗೆ ಒಮ್ಮೆರೆ ಹೇಳೀರೇನ್ರಿ ಅಕ್ಕಾರ?"

"ಅಯ್ಯ, ಹೇಳಬಾರದವ್ವ! ಹೇಳಿದ್ರ ಕೆಳಗಿಳಿಯಂಗಿಲ್ಲ ಅವರು. ನೀನೂ ಹೇಳಬ್ಯಾಡ ಮತ್ತ!"

ಇಡೀ ತಾಲೂಕಿಗೆ ಗೊತ್ತಾದ ಮೇಲೆ ಕಟ್ಟಕಡೆಗೆ ನನಗೆ ಗೊತ್ತಾಯಿತು! ಬೇವಿನ ಮರದ ಕೆಳಗೆ ನಾನು ಸಣ್ಣ ಹುಡುಗನ ಹಾಗೆ ಅತ್ತೆ. ಅತ್ತೆಯನ್ನು ಎತ್ತಿದ್ದು ನನಗೆ ದೊಡ್ಡ ಕೆಲಸವೆಂದು ಅನಿಸಿಯೇ ಇರಲಿಲ್ಲ. ಆಕೆ ನನಗೂ ಅವ್ವನೇ ಆಗಿದ್ದಳು. ಅದನ್ನು ಇಷ್ಟು ವರ್ಷ ಒಬ್ಬಳು ಎದೆಯಲ್ಲಿಟ್ಟುಕೊಂಡಿದ್ದಾಳೆಂದು ನನಗೆ ಹೇಗೆ ಗೊತ್ತಾಗಬೇಕು? ನಾನೋ, ಹೆಂಡತಿಯ ಕೈಕಾಲು ನಡುಗುತ್ತಿದ್ದಾಗ ಯಾರದೋ ತೋಳಿನ ಚಿಂತೆಯಲ್ಲಿ ಊಟ ಬಿಟ್ಟಿದ್ದೆ.

ಕಟ್ಟೆಯ ಮೇಲಿನ ಹಿರಿಯರೊಬ್ಬರು ಟವೆಲಿನಿಂದ ಕಣ್ಣೊರೆಸಿಕೊಂಡು, "ಯಾವ ಪುಣ್ಯಾತ್ಮನೋ ಏನೋ, ಅವನ್ನ ಒಮ್ಮೆ ನೋಡಬೇಕ್ರೆಪ," ಎಂದರು. ನಾನು ಎದೆ ಉಬ್ಬಿಸಿ, ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯಬೇಕು, ಅಷ್ಟರಲ್ಲಿ ರೆಕಾರ್ಡು ತಿರುಗಿ ಮೊದಲಿಗೆ ಬಂತು. ಆತ್ಮೀಯ ಬಂಧುಗಳೇ! ಘೋರ ಅನ್ಯಾಯ! ಕಡ್ಡಿ ತೋಳಿನವರಿಗೆ ಧಿಕ್ಕಾರ!

ಅದೇ ಹಿರಿಯರು ಸಿಟ್ಟಿನಿಂದ ಎದ್ದರು. "ಮತ್ತ ಶುರು ಹಚ್ಚಿದ ನೋಡು ಈ ಒದರಬಡಕ! ಇಂವ ಯಾವನಲೇ? ಕೈಗೆ ಸಿಕ್ಕಿದ್ರ ಎರಡು ಬಿಡತೀನಿ!"

ನಾನು ಬಾಯಿ ಮುಚ್ಚಿ ಸ್ವಿಚ್ಚು ಒತ್ತಿದೆ.

ಸದ್ದು ನಿಂತದ್ದನ್ನು ಕಂಡು ಅಮ್ಜದ್ ಗಾಬರಿಯಿಂದ ಹತ್ತಿ ತೆಗೆದ. "ಯಾಕ್ರೀ ಸಾಬ್? ಆಡಿಯೋದಾಗ ಏನರೆ ಮಿಸ್ಟೇಕ್ ಐತೇನ್ರಿ?"

"ಇಲ್ಲ ಅಮ್ಜದ್. ನಾ ಧಿಕ್ಕಾರ ಒದರಿದ ಮೂವತ್ತ ಸೆಕೆಂಡ್ ಅಷ್ಟ ಮಿಸ್ಟೇಕ್."

ಆಟೋದಲ್ಲೇ ಊರಿನ ಕಡೆ ಹೊರಟೆ. ದಾರಿಯಲ್ಲಿ ಬಳಗದ ಗುಂಪಿಗೆ ಬರೆದೆ: "ಅಧ್ಯಕ್ಷರ ತೀರ್ಮಾನ. ಹುಡುಗನಿಗೆ ಒಂದು ಅವಕಾಶ ಕೊಡೋಣ. ಎತ್ತುವ ಹೊತ್ತು ಬಂದಾಗ ಎತ್ತುತ್ತಾನೆ." ಮಸ್ಕಿಯ ಮಲ್ಲೇಶ ಕೂಡಲೇ ಉತ್ತರಿಸಿದ: "ಅಧ್ಯಕ್ಷರ ಫೋನು ಯಾರೋ ಕದ್ದಾರ! ಯಾರೂ ನಂಬಬ್ಯಾಡ್ರಿ!" ಗುರುತಿಲ್ಲದವನು ಗುಂಪು ಬಿಟ್ಟು ಹೋದ. ಈಗ ನಾವು ಹನ್ನೆರಡು.

ಆಟೋ ಅಂಗಡಿ ತಲುಪಿತು. ಖಾಲಿ ಅಂಗಡಿ, ತುಂಬಿದ ಕಣ್ಣು, ಇವೆರಡನ್ನು ನೋಡಲು ಸಿದ್ಧನಾಗಿ ಇಳಿದೆ. ನೋಡಿದರೆ ರಸ್ತೆಯವರೆಗೆ ಮಂದಿ!

ಪಾಳಿಯ ಮುಂದೆ ಕೋಲು ಊರಿ ನಿಂತಿದ್ದವರು ಇಮಾಮ್‌ಸಾಬ್. ನಮ್ಮ ಕಚೇರಿಯಿಂದ ನಿವೃತ್ತರಾಗಿ ಹದಿನೈದು ವರ್ಷ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಕೈಯಲ್ಲಿ ಇಪ್ಪತ್ತು ಖಡಕ್ ರೊಟ್ಟಿ!

"ಸಾಬ್ರ, ನಿಮಗ ಇವು ಹ್ಯಾಂಗ..." ಎಂದೆ.

"ತಿನ್ನಾಕ ಬರಂಗಿಲ್ಲಪ್ಪ, ಗೊತ್ತೈತಿ," ಎಂದರು. "ಆ ತಾಯಿ ಯಾರೂ ಬರಂಗಿಲ್ಲಂತ ಅಂಜ್ಯಾಳಲ್ಲ. ಕೇಳಿ ಮನ್ಯಾಗ ಹ್ಯಾಂಗ ಕುಂದ್ರಲಿ? ಹಾಲಿನಾಗ ನೆನಸಿಕೊಂಡು ತಿಂತೀನಿ ಬಿಡು."

ಅವರ ಹಿಂದೆ ಹಿಂದೆ ನಿರಾಶ್ರಿತರಾಗಿ ಬಂದ ಬಂಗಾಲಿಗಳು ನೆಲೆಸಿರುವ ಆರ್.ಎಚ್. ಕ್ಯಾಂಪಿನಿಂದ ಸಂತೆಗೆ ಬಂದಿದ್ದ ಇಬ್ಬರು ಹೆಂಗಸರು. "ನಾವು ಅನ್ನ ತಿನ್ನೋ ಮಂದಿ ಅಣ್ಣಾ," ಎಂದು ನಕ್ಕರು. "ಇವತ್ತು ರೊಟ್ಟಿ." ಬಸ್‌ಸ್ಟ್ಯಾಂಡಿನ ಕಂಡಕ್ಟರ್ ಇದ್ದ. ಹಣ್ಣಿನ ಬಂಡಿಯವನೂ ಇದ್ದ. ಯಾರೂ ಅಮರೇಶ್ವರಿಯನ್ನು ನೋಡಿ ನಗುತ್ತಿರಲಿಲ್ಲ. ಯಾರೂ ಪಾಳಿ ತಪ್ಪಿಸುತ್ತಿರಲಿಲ್ಲ. ಒಳಗೆ ಪಕೀರಮ್ಮ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಹಿಟ್ಟು ನಾದುತ್ತಿದ್ದಳು. ಹದಿನೈದು ದಿನದ ಗೋಪುರ ಮೊಣಕಾಲಿನವರೆಗೆ ಇಳಿದಿತ್ತು. ಸಿಂಧನೂರೇ, ನಿನ್ನ ಉಪಕಾರ ನಾನು ಹೇಗೆ ಮರೆಯಲಿ!

ಹಿಂದಿನ ಬಾಗಿಲಿಂದ ಒಳಹೋಗಿ ಅಮರೇಶ್ವರಿಯ ಪಕ್ಕ ತಲೆ ತಗ್ಗಿಸಿ ನಿಂತೆ.

"ತಪ್ಪಾತು," ಎಂದೆ.

ಅವಳು ರೊಟ್ಟಿ ಎಣಿಸುವುದನ್ನು ನಿಲ್ಲಿಸಲಿಲ್ಲ. "ಪೂರಾ ಕೇಳಿದ್ರೇನು?"

"ಪೂರಾ."

"ಕೊನೀದೂ?"

"ಕೊನೀದೂ."

"ಹೋತು!" ಎಂದಳು. "ಇನ್ನ ಈ ಮನ್ಯಾಗ ನಾ ಬಾಳೇವು ಮಾಡಿದಂಗ!" ಮುಖ ಗಂಟು ಹಾಕಿಕೊಂಡಿದ್ದಳು, ಆದರೆ ಕಿವಿಯವರೆಗೂ ಕೆಂಪಾಗಿದ್ದಳು.

"ಅಮರೇಶ್ವರಿ, ಅವತ್ತು ಎಲ್ಲಾರೂ ಬ್ಯಾಡಂದ್ರೂ ನೀ ಹೂಂ ಅಂದೆಲ್ಲ... ನಾ ಹೆಂಗ ಹೇಳಲಿ... ನನ್ನ ಪುಣ್ಯ ಅದು. ನಿನಗ..."

"ಭಾಷಣ ಆಮ್ಯಾಲ. ಆ ಜೋಳದ ಹಿಟ್ಟಿನ ಚೀಲ ಒಳಗ ತರ್ರಿ ಮೊದ್ಲು. ಹಿಟ್ಟು ಮುಗಿಯಾಕ ಬಂದೈತಿ."

ಇಂಥ ಹೊತ್ತಿನಲ್ಲಿ ಚೀಲವೇನು, ಗಿರಣಿಯನ್ನೇ ಎತ್ತುತ್ತೇನೆ ಎಂದು ಹೊರಗೆ ಓಡಿದೆ. ಚೀಲವನ್ನು ತಬ್ಬಿದೆ. ಹಲ್ಲು ಕಚ್ಚಿದೆ. ಅದು ನೆಲ ಬಿಡಲಿಲ್ಲ. ಇನ್ನೊಮ್ಮೆ ತಬ್ಬಿದೆ. ನಾನು ಚೀಲದ ಮೇಲೆ ಬಿದ್ದೆ.

ಅದೇ ಹೊತ್ತಿಗೆ ಪಾಳಿಯಲ್ಲಿದ್ದ ಸಕೀನಾಬೀ ಎಂಬ ಮುದುಕಿ ಅಂಗಡಿಯೊಳಗೆ ಇಣುಕಿ ಕೇಳಿದಳು. "ಯವ್ವಾ, ಮೈಕಿನಾಗ ಹೇಳಿದೆಲ್ಲ, ಆ ನಿನ್ನ ಗುಡುಗುವೀರ ಎಲ್ಲದಾನ? ಅವನ್ನ ನೋಡಾಕಂತನ ಬಂದೀನಿ."

ಪಾಳಿಯ ಮಂದಿಯೆಲ್ಲ ಚೀಲದ ಕಡೆ ಬೆರಳು ಮಾಡಿದರು. ಮುದುಕಿ ಕನ್ನಡಕ ಏರಿಸಿಕೊಂಡು ಹತ್ತಿರ ಬಂದಳು. ನಾನು ಎದ್ದು ಮೈಮೇಲಿನ ಹಿಟ್ಟು ಕೊಡವಿ ನೆಟ್ಟಗೆ ನಿಂತೆ. ತಲೆಯಿಂದ ಕಾಲಿನವರೆಗೆ ನೋಡಿದಳು. ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಎರಡು ಬೆರಳೂ ಆಚೆ ಕಡೆ ಒಂದಕ್ಕೊಂದು ಮುಟ್ಟಿದವು!

"ಇಂವಾ?" ಎಂದಳು. "ಯಾ ಅಲ್ಲಾ! ಇವನ್ನ ಯಾರವ್ವ ಸೆಲೆಕ್ಟ್ ಮಾಡಿದೋರು?"

ಅಮರೇಶ್ವರಿ ರೊಟ್ಟಿಯಿಂದ ತಲೆ ಎತ್ತದೆ ಹೇಳಿದಳು. "ನಾನ್ರೀ ಅಮ್ಮಾ, ನಾನ ಮಾಡೀನಿ. ಇಪ್ಪತ್ತೆರಡು ವರ್ಷ ಆತು, ಪಿಕ್ಚರ್ ಇನ್ನಾ ನಡದೈತಿ. ನಿಮಗೆಷ್ಟು ರೊಟ್ಟಿ ಕೊಡ್ಲಿ?"